ಚಳಿಗಾಲದಲ್ಲೇ ಹಿತ್ತಿಲಿನ ಲೆಕ್ಕ ಹಾಕಿ

ಮಲೆನಾಡಿನಲ್ಲಿ ಡಿಸೆಂಬರ್ ಬಂತೆಂದರೆ ಮನೆಯ ದಿನಚರಿಯೇ ಬದಲಾಗುತ್ತದೆ. ಫಜ್ರ್‌ಗೆ ಏಳುವಾಗ ಅಂಗಳವೆಲ್ಲ ಮಂಜು. ಮೊದಲು ಬಚ್ಚಲಿನ ಒಲೆಗೆ ಬೆಂಕಿ ಬೀಳಬೇಕು, ಉಳಿದದ್ದೆಲ್ಲ ಆಮೇಲೆ. ಅಡಿಕೆ ಕೊಯ್ಲು, ಭತ್ತದ ಒಕ್ಕಲು ಎಂದು ಎಲ್ಲರೂ ಓಡಾಡುತ್ತಿರುವಾಗ ಹಿತ್ತಿಲಿನ ತರಕಾರಿ ಪಾತಿಯ ಕಡೆ ಯಾರ ಗಮನವೂ ಹೋಗುವುದಿಲ್ಲ. ಮಳೆಗಾಲದ ಬಳ್ಳಿಗಳು ಒಣಗಿ ಚಪ್ಪರದಲ್ಲಿ ತೂಗಾಡುತ್ತಿರುತ್ತವೆ. ಮಾರ್ಚ್‌ನಲ್ಲಿ ಸಂತೆಯ ಸೊಪ್ಪಿನ ಕಟ್ಟು ಸಣ್ಣದಾಗಿ ಬೆಲೆ ದೊಡ್ಡದಾದಾಗ, "ನಾವೂ ನಾಲ್ಕು ಬೀಜ ಹಾಕಬಹುದಿತ್ತು" ಎಂದು ನೆನಪಾಗುತ್ತದೆ. ಬೇಸಗೆಯ ಹಸಿರಿಗೆ ಚಳಿಗಾಲದಲ್ಲೇ ತಯಾರಿ ನಡೆಯಬೇಕು. ಅದರ ಜೊತೆಗೆ ಈ ಕಾಲದಲ್ಲಿ ಮನೆಯೊಳಗೂ ಹಿತ್ತಿಲಲ್ಲೂ ವಹಿಸಬೇಕಾದ ಕೆಲವು ಎಚ್ಚರಗಳಿವೆ.

ರಕ್ತಹೀನತೆ ಮತ್ತು ಹಿತ್ತಿಲು

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ನಮ್ಮ ದೇಶದಲ್ಲಿ 15ರಿಂದ 49 ವರ್ಷದೊಳಗಿನ ಮಹಿಳೆಯರಲ್ಲಿ ಶೇ. 57 ಮಂದಿಗೆ ರಕ್ತಹೀನತೆ ಇದೆ. 5 ವರ್ಷದೊಳಗಿನ ಮಕ್ಕಳಲ್ಲಿ ಇದು ಶೇ. 67. ಮೆಟ್ಟಿಲು ಹತ್ತಿದರೆ ಏದುಸಿರು, ಸದಾ ಸುಸ್ತು, ತಲೆ ತಿರುಗುವುದು, ಮಕ್ಕಳಿಗೆ ಓದಿನಲ್ಲಿ ಮನಸ್ಸು ನಿಲ್ಲದಿರುವುದು - ಇವನ್ನೆಲ್ಲ "ಕೆಲಸ ಜಾಸ್ತಿ", "ಸೋಮಾರಿತನ" ಎಂದು ನಾವು ತಳ್ಳಿಹಾಕುತ್ತೇವೆ. ಎಲ್ಲರೂ ಉಂಡ ಮೇಲೆ ತಳದಲ್ಲಿ ಉಳಿದದ್ದನ್ನು ಉಣ್ಣುವ ತಾಯಂದಿರಿಗೆ ಸೊಪ್ಪಿನ ಪಾಲು ಸಿಗುವುದೇ ಕಡಿಮೆ.

ದಿನಕ್ಕೆ ಒಬ್ಬರು ಕನಿಷ್ಠ 400 ಗ್ರಾಂ ಹಣ್ಣು-ತರಕಾರಿ ತಿನ್ನಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಐದು ಮಂದಿಯ ಮನೆಗೆ ಅದು ದಿನಕ್ಕೆ 2 ಕಿಲೋ. ಎಲ್ಲವನ್ನೂ ಸಂತೆಯಿಂದ ತರುವುದು ಹೆಚ್ಚಿನ ಮನೆಗಳಿಗೆ ಆಗದ ಮಾತು. ಹಿತ್ತಿಲಿನ ಬೆಲೆ ತಿಳಿಯುವುದು ಇಲ್ಲೇ.

ಬಚ್ಚಲಿನ ಹೊಗೆ, ಕೋಣೆಯ ಕೆಂಡ

ಮೊದಲು ಮನೆಯೊಳಗಿನ ಎಚ್ಚರ. ಹಂಡೆಯ ಒಲೆ ಹೊತ್ತಿಸಲು ಪ್ಲಾಸ್ಟಿಕ್ ಕವರ್, ಹಾಲಿನ ಪ್ಯಾಕೆಟ್ ತುರುಕುವ ಅಭ್ಯಾಸ ಹಲವು ಮನೆಗಳಲ್ಲಿದೆ. ಆ ವಿಷದ ಹೊಗೆಯನ್ನು ಮೊದಲು ಸೇವಿಸುವವರು ಒಲೆಯ ಮುಂದೆ ಕೂತವರೇ. ಒಣಗಿದ ತೆಂಗಿನ ಗರಿ, ಅಡಿಕೆ ಸಿಪ್ಪೆ ಸಾಕು. ಪ್ಲಾಸ್ಟಿಕ್ ಸುಟ್ಟ ಒಲೆಯ ಬೂದಿಯನ್ನು ಗಿಡಕ್ಕೂ ಹಾಕುವಂತಿಲ್ಲ.

ಇದಕ್ಕಿಂತ ದೊಡ್ಡ ಅಪಾಯ ಬಾಣಂತಿಯ ಕೋಣೆಯಲ್ಲಿದೆ. ತಾಯಿ-ಮಗುವಿಗೆ ಚಳಿಯಾಗಬಾರದೆಂದು ಬಾಗಿಲು-ಕಿಟಕಿ ಮುಚ್ಚಿ ಕೆಂಡ ಇಡುತ್ತೇವೆ. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿದಾಗ ಕಾರ್ಬನ್ ಮೊನಾಕ್ಸೈಡ್ ಅನಿಲ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ತಲೆನೋವು, ವಾಕರಿಕೆ, ಮಂಪರು ಬರುತ್ತದೆ. ಮಲಗಿದವರು ಏಳದೇ ಹೋಗಬಹುದು. ಕೆಂಡದಿಂದ ಕೋಣೆ ಬೆಚ್ಚಗಾಗಬೇಕಿದ್ದರೆ ಕಿಟಕಿ ತೆರೆದಿಟ್ಟು, ಮಲಗುವ ಮೊದಲೇ ಕೆಂಡವನ್ನು ಹೊರಗಿಡಿ. ರಾತ್ರಿಗೆ ಉಣ್ಣೆಯ ಟೊಪ್ಪಿ, ಕಾಲುಚೀಲ, ತಾಯಿಯ ಮೈಯ ಬಿಸಿಯೇ ಮಗುವಿಗೆ ಸಾಕು. ಗಾಳಿಯಾಡದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಇಟ್ಟವರಿಗೂ ಇದೇ ಅಪಾಯ.

ತರಗೆಲೆ ತರುವ ಮುನ್ನ

ಚಳಿಗಾಲವೆಂದರೆ ತರಗೆಲೆ ಗುಡಿಸುವ ಕಾಲ. ಕೊಟ್ಟಿಗೆಗೆ ಹಾಸಲು, ಗೊಬ್ಬರಕ್ಕೆ, ಪಾತಿಗೆ ಮುಚ್ಚಲು ಕಾಡಿನಿಂದ ಎಲೆ ತರುವವರು ಮಂಗನ ಕಾಯಿಲೆಯನ್ನು ಮರೆಯಬಾರದು. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ರೋಗವನ್ನು ಕಾಡಿನ ತರಗೆಲೆಯಲ್ಲಿರುವ ಸಣ್ಣ ಉಣ್ಣೆಗಳು ಹರಡುತ್ತವೆ. ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಇದರ ಕಾಟ. ಹತ್ತಿರದ ಕಾಡಿನಲ್ಲಿ ಮಂಗ ಸತ್ತ ಸುದ್ದಿಯಿದ್ದರೆ ಆ ವರ್ಷ ಕಾಡಿನ ಎಲೆ ಬೇಡವೇ ಬೇಡ. ಸತ್ತ ಮಂಗವನ್ನು ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಕಾಡಿಗೆ ಹೋಗಲೇಬೇಕಾದರೆ ಮೈತುಂಬ ಬಟ್ಟೆ ಹಾಕಿ, ಆರೋಗ್ಯ ಇಲಾಖೆ ಕೊಡುವ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಳ್ಳಿ. ಮನೆಗೆ ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ. ಆಮೇಲೆ ಜ್ವರ, ವಿಪರೀತ ತಲೆನೋವು, ಮೈಕೈ ನೋವು ಬಂದರೆ ಕಾಡಿಗೆ ಹೋಗಿದ್ದ ವಿಷಯವನ್ನು ವೈದ್ಯರಿಗೆ ತಪ್ಪದೆ ಹೇಳಿ.

ಪಾತಿ ಮುಚ್ಚಲು ಮನೆಯಂಗಳದ ಎಲೆ, ಭತ್ತದ ಹುಲ್ಲು, ಅಡಿಕೆ ಸಿಪ್ಪೆಯೇ ಸಾಕಾಗುತ್ತದೆ. ಎಲೆಯ ರಾಶಿಯನ್ನು ಮನೆಯ ಗೋಡೆಗೆ ಒತ್ತಿ ಇಡಬೇಡಿ. ಹಾವು, ಚೇಳು ಅಲ್ಲಿ ಸೇರಿಕೊಳ್ಳುತ್ತವೆ.

ಒಂದೇ ಪಾತಿಯ ಯೋಜನೆ

ಮೊದಲ ವರ್ಷವೇ ಹಿತ್ತಿಲಿಡೀ ಅಗೆಯಬೇಡಿ. ದಿನಕ್ಕೆ ಕನಿಷ್ಠ ಆರು ಗಂಟೆ ಬಿಸಿಲು ಬೀಳುವ ಜಾಗದಲ್ಲಿ 3 ಅಡಿ ಅಗಲ, 18 ಅಡಿ ಉದ್ದದ ಒಂದು ಪಾತಿ ಸಾಕು. 3 ಅಡಿ ಅಗಲವಿದ್ದರೆ ಎರಡೂ ಬದಿಯಿಂದ ಕೈ ಎಟಕುತ್ತದೆ, ಪಾತಿಯನ್ನು ತುಳಿಯಬೇಕಾಗುವುದಿಲ್ಲ.

ಡಿಸೆಂಬರ್‌ನಲ್ಲಿ ಮಣ್ಣು ಅಗೆದು ಎರಡು ವಾರ ಬಿಸಿಲಿಗೆ ಬಿಡಿ. ಆಮೇಲೆ ಚೆನ್ನಾಗಿ ಕಳಿತ ಗೊಬ್ಬರ ಸೇರಿಸಿ. ಕರಾವಳಿಯಲ್ಲಿ ಚಳಿ ಕಡಿಮೆಯಾದ್ದರಿಂದ ಡಿಸೆಂಬರ್‌ನಲ್ಲೇ ಬಿತ್ತಬಹುದು. ಮಲೆನಾಡಿನವರು ಬೆಂಡೆ, ಅಲಸಂದೆಗೆ ಅವಸರ ಮಾಡಬಾರದು. ರಾತ್ರಿ ಚಳಿ ಜೋರಾಗಿರುವಾಗ ಆ ಬೀಜಗಳು ಸರಿಯಾಗಿ ಮೊಳೆಯುವುದಿಲ್ಲ. ಜನವರಿ ಕೊನೆಯವರೆಗೆ ಕಾಯಿರಿ. ಅಲ್ಲಿಯವರೆಗೆ ಮೆಂತ್ಯ, ಕೊತ್ತಂಬರಿ, ಮೂಲಂಗಿ ಬೆಳೆಯಬಹುದು. ಇವಕ್ಕೆ ಚಳಿ ಹಿತ.

ಪಾತಿಯನ್ನು ಹೀಗೆ ಹಂಚಿಕೊಳ್ಳಿ:

9 ಅಡಿ - ಹರಿವೆ. ಇದನ್ನು ಮೂರು ಅಡಿಯ ಮೂರು ತುಂಡು ಮಾಡಿ, 10 ದಿನಕ್ಕೊಂದು ತುಂಡಿನಂತೆ ಬಿತ್ತಿ. ಬಿತ್ತಿದ ಸುಮಾರು ಒಂದು ತಿಂಗಳಿಗೆ ಸೊಪ್ಪು ಕೀಳಬಹುದು. ಮೊದಲನೆಯದು ಮುಗಿಯುವಾಗ ಎರಡನೆಯದು ತಯಾರಾಗಿರುತ್ತದೆ. ಎಲ್ಲವನ್ನೂ ಒಂದೇ ದಿನ ಬಿತ್ತಿದರೆ ಒಂದು ವಾರ ಹಬ್ಬ, ಮೂರು ವಾರ ಬರಗಾಲ. ಬೀಜ ಬಹಳ ಸಣ್ಣದು, ಮರಳಿನ ಜೊತೆ ಬೆರೆಸಿ ಚೆಲ್ಲಿ.

6 ಅಡಿ - ಬೆಂಡೆ. ಎರಡು ಸಾಲಿನಲ್ಲಿ ಅಡಿಗೊಂದರಂತೆ 12 ಗಿಡ. ಸುಮಾರು 50 ದಿನಕ್ಕೆ ಕಾಯಿ ಶುರು. ದಿನ ಬಿಟ್ಟು ದಿನ ಕೊಯ್ಯಿರಿ, ಬಲಿಯಲು ಬಿಟ್ಟರೆ ಹೊಸ ಕಾಯಿ ಕಡಿಮೆಯಾಗುತ್ತದೆ.

3 ಅಡಿ - ಕೊತ್ತಂಬರಿ, ಮೆಂತ್ಯ. ಬೇಸಗೆ ಏರಿದ ಮೇಲೆ ಇಲ್ಲಿ ಅಲಸಂದೆ.

ಈಗಿನ ವರ್ಷಗಳಲ್ಲಿ ರಮಝಾನ್ ಚಳಿಗಾಲ ಮುಗಿಯುವ ಹೊತ್ತಿಗೇ ಬರುತ್ತಿದೆ. ಉಪವಾಸ ಶುರುವಾಗುವ ಒಂದು ತಿಂಗಳ ಮೊದಲು ಸೊಪ್ಪು ಬಿತ್ತಿದರೆ, ಕರಿದ ತಿಂಡಿಗಳೇ ತುಂಬಿರುವ ಇಫ್ತಾರ್‌ನಲ್ಲಿ ಒಂದು ಬಟ್ಟಲು ಸೊಪ್ಪಿಗೂ ಜಾಗ ಸಿಗುತ್ತದೆ.

ವುಝೂ ನೀರಿನ ಲೆಕ್ಕ

"ಬೇಸಗೆಯಲ್ಲಿ ಕುಡಿಯಲಿಕ್ಕೇ ನೀರಿಲ್ಲ, ತೋಟ ಎಲ್ಲಿಂದ?" ಎಂದು ಕೇಳುವವರಿದ್ದಾರೆ. ಒಂದು ಲೆಕ್ಕ ಮಾಡಿ ನೋಡಿ. ಮನೆಯಲ್ಲಿ ಐದು ಮಂದಿ, ದಿನಕ್ಕೆ ಐದು ಬಾರಿ ವುಝೂ, ಒಮ್ಮೆಗೆ ಕನಿಷ್ಠ ಒಂದು ಲೀಟರ್ ಎಂದಿಟ್ಟುಕೊಂಡರೂ 25 ಲೀಟರ್ ಆಯಿತು. ತರಕಾರಿ ಪಾತಿಗೆ ಬೇಸಗೆಯಲ್ಲಿ ಚದರ ಮೀಟರಿಗೆ ದಿನಕ್ಕೆ ಸುಮಾರು 5 ಲೀಟರ್ ನೀರು ಬೇಕು. ನಮ್ಮ 54 ಚದರ ಅಡಿಯ ಪಾತಿ ಐದು ಚದರ ಮೀಟರ್. ಅಂದರೆ ಚರಂಡಿಗೆ ಹೋಗುತ್ತಿರುವ ವುಝೂ ನೀರೇ ಈ ಪಾತಿಗೆ ಸಾಕು.

ಸೋಪು ಬೆರೆಯದ ಈ ನೀರನ್ನು ಬಕೆಟ್‌ನಲ್ಲಿ ಹಿಡಿದು ಬೆಳಿಗ್ಗೆ-ಸಂಜೆ ಗಿಡದ ಬುಡಕ್ಕೆ ಹಾಕಿ, ಮೇಲೆ ಒಣಹುಲ್ಲು ಮುಚ್ಚಿ. ವುಝೂ ಮಾಡುವ ಜಾಗದ ಪಕ್ಕದಲ್ಲೇ ಬಸಳೆಯ ನಾಲ್ಕು ತುಂಡು ನೆಟ್ಟು ಚಪ್ಪರ ಕಟ್ಟಿದರೆ ಅದಕ್ಕೆ ಬೇರೆ ನೀರೇ ಬೇಡ. ಪಾತ್ರೆ ತೊಳೆದ ನೀರು ತೆಂಗು, ಬಾಳೆಗಿರಲಿ, ಸೊಪ್ಪಿಗೆ ಬೇಡ.

ಹಿಡಿದ ನೀರನ್ನು ದಿನಗಟ್ಟಲೆ ಇಡಬೇಡಿ. ಡೆಂಗ್ಯೂ ಹರಡುವ ಸೊಳ್ಳೆ ತಿಳಿನೀರಿನಲ್ಲೇ ಮೊಟ್ಟೆಯಿಡುತ್ತದೆ. ಮೊಟ್ಟೆ ಸೊಳ್ಳೆಯಾಗಲು ಒಂದು ವಾರದಿಂದ ಹತ್ತು ದಿನ ಸಾಕು. ವಾರಕ್ಕೊಮ್ಮೆ ಬಕೆಟ್, ಡ್ರಮ್ ಖಾಲಿ ಮಾಡಿ ಒಳಗೋಡೆಯನ್ನು ಉಜ್ಜಿ ತೊಳೆಯಿರಿ. ಒಣಗಿದ ಗೋಡೆಗೆ ಅಂಟಿದ ಮೊಟ್ಟೆಗಳೂ ತಿಂಗಳುಗಟ್ಟಲೆ ಬದುಕಿರುತ್ತವೆ.

ಮಣ್ಣಿನ ಕೆಲಸಕ್ಕೆ ಚಪ್ಪಲಿ ಬೇಕು

ಒದ್ದೆ ಮಣ್ಣಿನಲ್ಲಿ ಬರಿಗಾಲಲ್ಲಿ ನಡೆದರೆ ಕೊಕ್ಕೆಹುಳು ಪಾದದ ಚರ್ಮದ ಮೂಲಕ ಒಳಸೇರುತ್ತದೆ. ಅದು ಕರುಳಿನ ಗೋಡೆಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ರಕ್ತಹೀನತೆ ಹೋಗಲೆಂದು ಸೊಪ್ಪು ಬೆಳೆದು, ಬೆಳೆಯುವಾಗಲೇ ರಕ್ತ ಕಳೆದುಕೊಂಡರೆ ಏನು ಬಂತು? ಮಕ್ಕಳಿಗೂ ಚಪ್ಪಲಿ ಹಾಕಿಸಿ. 1ರಿಂದ 19 ವರ್ಷದವರಿಗೆ ಅಂಗನವಾಡಿ, ಶಾಲೆಗಳಲ್ಲಿ ಕೊಡುವ ಜಂತುಹುಳು ಮಾತ್ರೆಯನ್ನು ತಪ್ಪಿಸಬೇಡಿ.

ಹಸಿ ಸೆಗಣಿ, ಹಸಿ ಕೋಳಿಗೊಬ್ಬರವನ್ನು ಸೊಪ್ಪಿನ ಪಾತಿಗೆ ಹಾಕಬಾರದು. ರೋಗಾಣುಗಳು ನೇರವಾಗಿ ಎಲೆಗೆ ತಗಲುತ್ತವೆ. ಕೋಳಿಗೊಬ್ಬರದ ಖಾರಕ್ಕೆ ಗಿಡವೂ ಸುಟ್ಟುಹೋಗುತ್ತದೆ. ಕೆಲವು ತಿಂಗಳು ಗುಂಡಿಯಲ್ಲಿ ಕಳಿಯಲಿ. ಪಾತಿಗೆ ಬಲೆ ಕಟ್ಟಿ ಕೋಳಿಗಳನ್ನು ದೂರವಿಡಿ. ಗುದ್ದಲಿ, ಮುಳ್ಳು ತಾಗಿ ಗಾಯವಾದರೆ ಸೋಪು ಹಚ್ಚಿ ತೊಳೆದು, ಧನುರ್ವಾಯು ಚುಚ್ಚುಮದ್ದು ಬೇಕೇ ಎಂದು ಆರೋಗ್ಯ ಕೇಂದ್ರದಲ್ಲಿ ಕೇಳಿ.

ಪಾತಿಯಿಂದ ತಟ್ಟೆಗೆ

ಸೊಪ್ಪಿನ ಕಬ್ಬಿಣಾಂಶ ಮೈಗೆ ಹಿಡಿಯುವುದು ಸ್ವಲ್ಪ ಕಷ್ಟ. ಅದಕ್ಕೆ ಎರಡು ಸುಲಭ ದಾರಿಗಳಿವೆ. ಒಂದು, ಪಲ್ಯದ ಮೇಲೆ ನಿಂಬೆಹಣ್ಣು ಹಿಂಡುವುದು. ಎರಡು, ಮಾಂಸದ ಜೊತೆ ಬೇಯಿಸುವುದು. ಮಾಂಸ ಸೇರಿದರೆ ಸೊಪ್ಪಿನ ಕಬ್ಬಿಣವೂ ಹೆಚ್ಚು ಹೀರಲ್ಪಡುತ್ತದೆ. ಅರ್ಧ ಕಿಲೋ ಮಾಂಸಕ್ಕೆ ದೊಡ್ಡ ಕಟ್ಟು ಹರಿವೆಯೋ ಬಸಳೆಯೋ ಸೇರಿದರೆ ಸಾರೂ ಹೆಚ್ಚುತ್ತದೆ, ಗುಣವೂ ಹೆಚ್ಚುತ್ತದೆ. ಊಟದ ಜೊತೆ ಚಹಾ ಕುಡಿಯುವ ಅಭ್ಯಾಸ ಬಿಡಿ, ಚಹಾ ಕಬ್ಬಿಣವನ್ನು ತಡೆಯುತ್ತದೆ. ಒಂದು ಗಂಟೆಯ ಅಂತರವಿರಲಿ. ಮೂತ್ರಕೋಶದ ಕಲ್ಲಿನ ತೊಂದರೆ ಇದ್ದವರು ಬಸಳೆ, ಹರಿವೆ ಎಷ್ಟು ತಿನ್ನಬಹುದೆಂದು ವೈದ್ಯರನ್ನು ಕೇಳಿಕೊಳ್ಳಿ.

ಸೊಪ್ಪು ಔಷಧಿಗೆ ಬದಲಿಯಲ್ಲ ಎಂಬುದೂ ನೆನಪಿರಲಿ. ಹಿಮೋಗ್ಲೋಬಿನ್ ಸಾಮಾನ್ಯ ಮಹಿಳೆಗೆ 12, ಗರ್ಭಿಣಿಗೆ 11 ಗ್ರಾಂಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. ಗರ್ಭಿಣಿಯರಿಗೆ ಸರ್ಕಾರ ಕೊಡುವ ಕಬ್ಬಿಣದ ಮಾತ್ರೆಯನ್ನು 180 ದಿನವೂ ನುಂಗಬೇಕು.

ಈ ವಾರ ಮೂರು ಕೆಲಸ ಮಾಡಿ. ಬಿಸಿಲು ಬೀಳುವ ಜಾಗ ನೋಡಿ ಪಾತಿಗೆ ಗೂಟ ಹೊಡೆಯಿರಿ. ಒಂದು ದಿನದ ವುಝೂ ನೀರನ್ನು ಬಕೆಟ್‌ನಲ್ಲಿ ಹಿಡಿದು ಅಳೆಯಿರಿ. ಮನೆಯ ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋಗಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ, ಬಂದ ಅಂಕಿಯನ್ನು ಬರೆದಿಡಿ. ಬೇಸಗೆಯಲ್ಲಿ ಮೊದಲ ಕಟ್ಟು ಹರಿವೆ ಕಿತ್ತ ದಿನ, ಅದರಲ್ಲಿ ಮೊದಲ ಪಾಲು ಎಲ್ಲರಿಗಿಂತ ಕೊನೆಗೆ ಉಣ್ಣುವವರ ತಟ್ಟೆಗೆ ಬೀಳಲಿ.