ಹಳೆಯ ರಸ್ತೆ ಸುರಂಗಗಳಲ್ಲಿ ವಾಯುಸಂಚಾರ ಮತ್ತು ಅಗ್ನಿಸುರಕ್ಷತೆ: ಸರಕು ಸಾಗಿಸುವವರಿಗೊಂದು ಪಾಠ

ಸಾಸ್ವೆಹಳ್ಳಿ, ಹೊನ್ನಾಳಿ, ಚನ್ನಗಿರಿ ಭಾಗದ ಅಡಿಕೆ, ಅಕ್ಕಿ, ಮೆಕ್ಕೆಜೋಳಗಳನ್ನು ಹೊತ್ತು ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಪುಣೆ, ಮುಂಬಯಿ ಕಡೆಗೆ ಹೋಗುವ ಲಾರಿಗಳು ಸಾತಾರಾ ದಾಟಿದ ಬಳಿಕ ಖಂಬಾಟ್ಕಿ ಘಾಟಿಯಲ್ಲಿ ಸುರಂಗವನ್ನು ಹಾಯಬೇಕು. ಹೆದ್ದಾರಿ 66ರ ಕಾರವಾರದ ಸುರಂಗಗಳಲ್ಲಿ 2023ರಲ್ಲಿ ಸುರಕ್ಷತಾ ಪ್ರಮಾಣಪತ್ರದ ಪ್ರಶ್ನೆ ಎದ್ದು ಸಂಚಾರವು ಕೆಲಕಾಲ ನಿಂತಿದ್ದುದನ್ನು ವಾಚಕರು ಬಲ್ಲರು. ಆದುದರಿಂದ ಸುರಂಗದ ಸುರಕ್ಷತೆಯು ಎಂಜಿನಿಯರುಗಳಷ್ಟೇ ಅಲ್ಲದೆ ವರ್ತಕರೂ ತಿಳಿಯಬೇಕಾದ ವಿಷಯ.

ಮಾಂಟ್ ಬ್ಲಾಂಕ್ ದುರಂತ

ಫ್ರಾನ್ಸ್–ಇಟಲಿಗಳ ನಡುವಣ 11.6 ಕಿ.ಮೀ. ಉದ್ದದ ಮಾಂಟ್ ಬ್ಲಾಂಕ್ ಸುರಂಗವು 1965ರಲ್ಲಿ ಆರಂಭವಾಯಿತು. 1999ರ ಮಾರ್ಚ್ 24ರಂದು ಅದರೊಳಗೆ ಲಾರಿಯೊಂದಕ್ಕೆ ಬೆಂಕಿ ಹತ್ತಿ 39 ಮಂದಿ ಮೃತರಾದರು. ಆ ಲಾರಿಯಲ್ಲಿದ್ದುದು ಪೆಟ್ರೋಲ್ ಅಲ್ಲ, ಸಿಡಿಮದ್ದೂ ಅಲ್ಲ. ಕೇವಲ ಮಾರ್ಗರೀನ್ ಮತ್ತು ಹಿಟ್ಟು! ಅಪಾಯಕಾರಿ ಸರಕಿನ ಪಟ್ಟಿಯಲ್ಲಿಲ್ಲದ ಈ ಆಹಾರ ಪದಾರ್ಥಗಳೇ ಎರಡು ದಿನಕ್ಕೂ ಹೆಚ್ಚು ಕಾಲ ಉರಿದ ಬೆಂಕಿಗೆ ಇಂಧನವಾದವು. ಸತ್ತವರಲ್ಲಿ ಬಹುಪಾಲು ಜನರು ತಮ್ಮ ವಾಹನಗಳಲ್ಲಿಯೇ ಉಳಿದಿದ್ದವರು.

ದೋಷವೆಲ್ಲಿತ್ತು?

ಹಳೆಯ ಸುರಂಗಗಳ ವಾಯುಸಂಚಾರ ವ್ಯವಸ್ಥೆಯ ಮುಖ್ಯ ಉದ್ದೇಶವು ವಾಹನಗಳು ಉಗುಳುವ ಕಾರ್ಬನ್ ಮಾನಾಕ್ಸೈಡನ್ನು ತಿಳಿಗೊಳಿಸುವುದು. ಬೆಂಕಿಯ ವೇಳೆ ಬೇಕಾದುದು ಬೇರೆ: ಹೊಗೆಯನ್ನು ಜನರಿಂದ ದೂರ ಒಯ್ಯುವುದು. ಅಂದು ಇಟಲಿಯ ಕಡೆಯಿಂದ ಒಳಕ್ಕೆ ಊದಿದ ಗಾಳಿಯು ಹೊಗೆಯನ್ನು ಲಾರಿಯ ಹಿಂದೆ ನಿಂತಿದ್ದವರತ್ತ ತಳ್ಳಿತು.

ಏಕಮುಖ ಸಂಚಾರದಲ್ಲಿ ಛಾವಣಿಯ ಫ್ಯಾನುಗಳು ಸೆಕೆಂಡಿಗೆ ಸುಮಾರು 3 ಮೀಟರ್ ವೇಗದಲ್ಲಿ ಗಾಳಿಯನ್ನು ಮುಂದಕ್ಕೆ ತಳ್ಳಿದರೆ ಹೊಗೆ ಹಿಂದಕ್ಕೆ ಮರಳದು. ಮುಂದಿರುವ ವಾಹನಗಳು ಹೊರಟುಹೋಗುತ್ತವೆ. ದ್ವಿಮುಖ ಸಂಚಾರದಲ್ಲಿಯಾದರೋ ಬೆಂಕಿಯ ಎರಡೂ ಬದಿಗೆ ಜನರಿರುವುದರಿಂದ ಹೊಗೆಯನ್ನು ಅಲ್ಲಲ್ಲಿಯೇ ಹೀರಿ ತೆಗೆಯುವುದು ಅವಶ್ಯ.

ಸುಧಾರಣೆ

2002ರಲ್ಲಿ ಸುರಂಗವು ಪುನಃ ತೆರೆದಾಗ ಪ್ರತಿ 100 ಮೀಟರಿಗೆ ಹೊಗೆ ಹೀರುವ ಕಿಂಡಿ, ಸುಮಾರು 300 ಮೀಟರಿಗೊಂದರಂತೆ ಪಾರಾಗುವ ಮಾರ್ಗವುಳ್ಳ 37 ಆಶ್ರಯ ಕೊಠಡಿಗಳು ಹಾಗೂ ನಡುವೆ ಅಗ್ನಿಶಾಮಕ ಠಾಣೆ ಸಿದ್ಧವಾಗಿದ್ದವು. ನಮ್ಮಲ್ಲಿಯೂ 1956ರ ಜವಾಹರ್ ಸುರಂಗವನ್ನು 2024ರಲ್ಲಿ ನವೀಕರಿಸಿ ಹೊಗೆ ಮತ್ತು ಬೆಂಕಿಯ ಸಂವೇದಕಗಳನ್ನು ಅಳವಡಿಸಲಾಯಿತು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಎಸ್.ಪಿ. 91 ಮಾರ್ಗಸೂಚಿಯು ರಸ್ತೆ ಸುರಂಗಗಳಿಗೆಂದೇ ಇದೆ.

ವರ್ತಕರು ಮಾಡಬೇಕಾದುದು

1. ಎಣ್ಣೆ, ಹಿಂಡಿ, ಗೋಣಿಚೀಲಗಳೂ ಉರಿಯುವ ಸರಕೇ ಎಂದು ಭಾವಿಸಿ ಲೋಡು ಮಾಡಿಸುವುದು.
2. ಲಾರಿ ಹೊರಡುವ ಮುನ್ನ ಬ್ರೇಕ್, ಡೀಸೆಲ್ ಸೋರಿಕೆ, ವೈರಿಂಗ್‌ ಮತ್ತು ಅಗ್ನಿಶಾಮಕ ಸಿಲಿಂಡರುಗಳನ್ನು ಪರೀಕ್ಷಿಸಿರುವುದನ್ನು ಖಚಿತಪಡಿಸಿಕೊಳ್ಳುವುದು.
3. ಸುರಂಗದಲ್ಲಿ ಮುಂದಿನ ವಾಹನದಿಂದ ಅಂತರ ಕಾಯ್ದುಕೊಳ್ಳಲು ಚಾಲಕರಿಗೆ ತಿಳಿಸುವುದು.
4. ಹೊಗೆ ಕಂಡು ವಾಹನ ನಿಂತರೆ ಎಂಜಿನ್ ಆರಿಸಿ, ಕೀಲಿಯನ್ನು ಅಲ್ಲಿಯೇ ಬಿಟ್ಟು, ಸರಕಿನ ಆಸೆ ತೊರೆದು, ಹೊಗೆಯಿಲ್ಲದ ಕಡೆಗೆ ನಡೆದು ಹೊರಬರಬೇಕೆಂದು ಮೊದಲೇ ಸ್ಪಷ್ಟವಾಗಿ ಹೇಳುವುದು.

ಕೊನೆಯ ಅಂಶವು ಅತಿ ಮುಖ್ಯವಾದುದು. ಮಾಲು ಬಿಟ್ಟು ಬಂದರೆ ಮಾಲೀಕರು ಏನೆನ್ನುವರೋ ಎಂಬ ಭಯದಿಂದ ಚಾಲಕನು ಲಾರಿಯಲ್ಲಿಯೇ ಕುಳಿತಿರುವಂತಾಗಬಾರದು. ಆ ಭಯವನ್ನು ನೀಗಿಸಬೇಕಾದವರು ನಾವೇ.