ಯಂತ್ರ ಬರುವ ಮುನ್ನ ನೆಲದ ಸಿದ್ಧತೆ

ಹತ್ತಿಯ ಕಾಲ ಬಂದಿತೆಂದರೆ ನಮ್ಮ ಆದವಾನಿಯ ಸುತ್ತಲಿನ ಜಿನ್ನುಗಳೂ ಎಣ್ಣೆ ಗಿರಣಿಗಳೂ ಸದ್ದು ಮಾಡತೊಡಗುತ್ತವೆ. ಹೊಸ ಯಂತ್ರವೊಂದು ಲಾರಿಯಲ್ಲಿ ಬಂದಿಳಿದರೆ ಮಾಲೀಕರು ಅದಕ್ಕೆ ಹೂಮಾಲೆ ಹಾಕಿ, ಕುಂಬಳಕಾಯಿ ಒಡೆದು, ನಾಲ್ಕು ಜನರಿಗೆ ಪೇಡೆ ಹಂಚುವುದನ್ನು ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಕಂಡಿದ್ದಾರೆ. ಆದರೆ ಆ ಯಂತ್ರವು ನೆಟ್ಟಗೆ ನಡೆಯುವುದೋ ಇಲ್ಲವೋ ಎಂಬುದು ಅದು ಬರುವುದಕ್ಕೆ ಎರಡು ತಿಂಗಳು ಮೊದಲೇ ನೆಲದೊಳಗೆ ತೀರ್ಮಾನವಾಗಿರುತ್ತದೆ. ಆ ಎರಡು ತಿಂಗಳ ಕೆಲಸವೇನೆಂಬುದನ್ನು ಇಲ್ಲಿ ತಿಳಿದುಕೊಳ್ಳೋಣ.

ಮೊದಲು ನಾವು ಕಣ್ಣಾರೆ ಕಂಡದ್ದನ್ನು ಹೇಳುತ್ತೇವೆ. ಕೆಲವು ವರ್ಷಗಳ ಹಿಂದೆ ಎರೆಹೊಲದ ಅಂಚಿನಲ್ಲಿದ್ದ ಶೇಂಗಾ ಎಣ್ಣೆ ಗಿರಣಿಯೊಂದಕ್ಕೆ ಒಂಟಿ ಸಿಲಿಂಡರಿನ ಡೀಸೆಲ್ ಎಂಜಿನನ್ನು ತಂದರು. ಆಗ ಕಡು ಬೇಸಗೆ, ನೆಲ ಕಲ್ಲಿನಂತಿತ್ತು. "ಇಷ್ಟು ಗಟ್ಟಿ ನೆಲಕ್ಕೆ ಇನ್ನೇನು ಬೇಕು, ಸಾವ್ಕಾರ್ರೇ?" ಎಂದು ಮೇಸ್ತ್ರಿ ಹೇಳಿದ, ಸಾವ್ಕಾರರೂ ಹೌದೆಂದರು. ಹೊರಗೋಡೆಯ ಪಕ್ಕದಲ್ಲಿ ಒಂದೂವರೆ ಅಡಿ ಅಗೆದು, ಕಾಂಕ್ರೀಟು ಸುರಿದು, ಹತ್ತನೆಯ ದಿನವೇ ಎಂಜಿನು ಕೂರಿಸಿದರು. ಶ್ರಾವಣದಲ್ಲಿ ಮಳೆ ಹಿಡಿಯಿತು. ಸೂರಿನ ನೀರು ಬೀಳುವ ಕಡೆಯ ಮಣ್ಣು ನೆನೆದು ಉಬ್ಬಿತು, ಒಳಗಡೆಯದು ಒಣಗಿಯೇ ಇತ್ತು. ಅಡಿಪಾಯ ಎರಡು ಬೆರಳಿನಷ್ಟು ವಾಲಿತು. ಎಂಜಿನಿನಿಂದ ಗಾಣಕ್ಕೆ ಹೋಗುವ ಪಟ್ಟಾ ಗಾಲಿಯಿಂದ ಜಾರತೊಡಗಿದಾಗ, ನೆಲವನ್ನು ನೋಡುವ ಬದಲು ಪಟ್ಟಾಕ್ಕೆ ರಾಳ ಬಳಿದು ನಡೆಸಿದರು. ಅದಕ್ಕೆ ಜಾಲರಿಯ ಕಾವಲೂ ಇರಲಿಲ್ಲ. ದಸರೆಗೆ ಮುಂಚೆ ಒಂದು ದಿನ ಕಳಚಿದ ಪಟ್ಟಾ ಪಕ್ಕದಲ್ಲಿ ಚೀಲ ಹೊಲಿಯುತ್ತಿದ್ದ ಕೂಲಿಯವನ ಮುಂಗೈಗೆ ಬಡಿದು ಮೂಳೆ ಮುರಿಯಿತು. ಆತನ ಮಗಳು ಆಗ ನಮ್ಮಲ್ಲಿ ಒಂಬತ್ತನೆಯ ತರಗತಿಯಲ್ಲಿದ್ದಳು. ಮೂರು ತಿಂಗಳು ಶಾಲೆಗೆ ಬರದೆ ಹತ್ತಿ ಬಿಡಿಸಲು ಹೋದಳು.

ಹಾಗಾದರೆ ತಪ್ಪಿದ್ದು ಎಲ್ಲಿ? ಎರೆಮಣ್ಣಿನ ಗುಣ ನಮ್ಮ ರೈತರಿಗೆ ಚೆನ್ನಾಗಿ ಗೊತ್ತು. ಬೇಸಗೆಯಲ್ಲಿ ಕಾಲು ಇಳಿಯುವಷ್ಟು ಬಿರುಕು, ಮಳೆಗಾಲದಲ್ಲಿ ಮೊಣಕಾಲಿನವರೆಗೆ ಕೆಸರು. ಈ ಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿಯ ಅಂಶವಿರುತ್ತದೆ. ಅದರ ಕಣಗಳು ಪುಸ್ತಕದ ಹಾಳೆಗಳಂತೆ ಪದರಪದರವಾಗಿದ್ದು, ನೀರು ಆ ಪದರಗಳ ನಡುವೆ ಸೇರಿ ಅವನ್ನು ದೂರ ಸರಿಸುತ್ತದೆ. ಒಣಗಿದಾಗ ಮತ್ತೆ ಕುಗ್ಗುತ್ತದೆ. ಬೆಳೆಗೆ ಇದು ವರ, ಯಂತ್ರಕ್ಕೆ ಅಲ್ಲ.

ಮಣ್ಣು ಎಷ್ಟು ಉಬ್ಬೀತೆಂಬುದನ್ನು ಶಾಲೆಯ ಪ್ರಯೋಗಶಾಲೆಯಲ್ಲಿಯೇ ನೋಡಬಹುದು. ಮಣ್ಣನ್ನು ಚೆನ್ನಾಗಿ ಒಣಗಿಸಿ, ಪುಡಿಮಾಡಿ, ಅರ್ಧ ಮಿಲಿಮೀಟರಿಗಿಂತ ಸಣ್ಣ ಕಣ್ಣಿನ ಜರಡಿಯಲ್ಲಿ ಸೋಸಬೇಕು. 100 ಮಿಲಿಲೀಟರಿನ ಎರಡು ಅಳತೆ ಜಾಡಿಗಳಿಗೆ ತಲಾ 10 ಗ್ರಾಂ ಹಾಕಿ, ಒಂದಕ್ಕೆ ಬಟ್ಟಿ ಇಳಿಸಿದ ನೀರನ್ನೂ ಇನ್ನೊಂದಕ್ಕೆ ಸೀಮೆಎಣ್ಣೆಯನ್ನೂ ತುಂಬಿ, ಕಲಕಿ, ಗಾಳಿಯ ಗುಳ್ಳೆ ಹೋಗಲಾಡಿಸಿ, 24 ಗಂಟೆ ಬಿಡಬೇಕು. ಸೀಮೆಎಣ್ಣೆಯಲ್ಲಿ ಈ ಮಣ್ಣು ಉಬ್ಬುವುದಿಲ್ಲ. ಆದುದರಿಂದ ಅದೇ ನಮ್ಮ ಮೂಲ ಅಳತೆ. ಉದಾಹರಣೆಗೆ ಸೀಮೆಎಣ್ಣೆಯಲ್ಲಿ ಮಣ್ಣು 10 ಮಿಲಿಲೀಟರಿನ ಗೆರೆಗೂ ನೀರಿನಲ್ಲಿ 18ರ ಗೆರೆಗೂ ನಿಂತರೆ, ಹೆಚ್ಚಿದ 8ನ್ನು 10ರಿಂದ ಭಾಗಿಸಿ 100ರಿಂದ ಗುಣಿಸಿದರೆ ಶೇಕಡಾ 80. ಶೇಕಡಾ 50ರ ಒಳಗಿದ್ದರೆ ಭಯ ಕಡಿಮೆ. 100 ದಾಟಿದರೆ ಆ ಮಣ್ಣಿನ ಮೇಲೆ ನೇರವಾಗಿ ಏನನ್ನೂ ಕೂರಿಸಬಾರದು.

ಅಂಥ ನೆಲದಲ್ಲಿ ಎರೆಯ ಪದರ ತೆಳುವಾಗಿದ್ದರೆ ಅದನ್ನು ಪೂರ್ತಿ ತೆಗೆದು ಗರಸಿನವರೆಗೆ ಇಳಿಯುವುದೇ ಸರಿ. ತೀರ ಆಳವಾಗಿದ್ದರೆ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯವರು ರೂಢಿಗೆ ತಂದ ಉಪಾಯವೊಂದಿದೆ. ಸುಮಾರು 3.5 ಮೀಟರು ಆಳಕ್ಕೆ ಕುಳಿ ಕೊರೆದು, ತಳದಲ್ಲಿ ಅದನ್ನು ಎರಡೂವರೆ ಪಟ್ಟು ಅಗಲಿಸಿ, ಕಬ್ಬಿಣ ಇಳಿಸಿ ಕಾಂಕ್ರೀಟು ತುಂಬುತ್ತಾರೆ. ಸೊಪ್ಪಿನ ಸಮೇತ ನೆಟ್ಟಗೆ ಹಿಡಿದ ಈರುಳ್ಳಿಯಂತೆ ಈ ಕಂಬ ಕಾಣುತ್ತದೆ. ಅಷ್ಟು ಆಳದಲ್ಲಿ ಮಳೆಗೂ ಬಿಸಿಲಿಗೂ ಮಣ್ಣಿನ ತೇವ ಅಷ್ಟಾಗಿ ಬದಲಾಗದು.

ಇನ್ನು ಅಡಿಪಾಯದ ಗಾತ್ರ. ಪಿಸ್ಟನ್ನು ಹಿಂದೆ ಮುಂದೆ ಓಡುವ ಯಂತ್ರಗಳಿಗೆ ಅಡಿಪಾಯವು ಯಂತ್ರದ ಮೂರರಿಂದ ಐದು ಪಟ್ಟು ತೂಕವಿರಬೇಕೆಂಬುದು ಹಳಬರ ಲೆಕ್ಕ. ಯಂತ್ರ 4 ಟನ್ನಿದ್ದು ಮೂರು ಪಟ್ಟು ಹಿಡಿದರೆ 12 ಟನ್ನು. ಒಂದು ಘನ ಮೀಟರು ಕಾಂಕ್ರೀಟು ಸುಮಾರು 2.4 ಟನ್ನು ತೂಗುವುದರಿಂದ 5 ಘನ ಮೀಟರು ಬೇಕು. ಎಂದರೆ ಎರಡೂವರೆ ಮೀಟರು ಉದ್ದ, ಎರಡು ಮೀಟರು ಅಗಲ, ಒಂದು ಮೀಟರು ಆಳ. ಆದರೆ ಭಾರವೊಂದೇ ಸಾಲದು. ನಾಗರಪಂಚಮಿಯ ಜೋಕಾಲಿಯನ್ನು ನೆನೆಯಿರಿ. ಅದರ ತೂಗಿಗೆ ಹೊಂದುವಂತೆ ಸಣ್ಣ ಮಗು ತಳ್ಳಿದರೂ ಅದು ಕೊಂಬೆ ಮುಟ್ಟುತ್ತದೆ. ನೆಲದ ಮೇಲೆ ಕುಳಿತ ಅಡಿಪಾಯಕ್ಕೂ ತನ್ನದೇ ಆದ ತೂಗು ಉಂಟು. ನಿಮಿಷಕ್ಕೆ 600 ಸುತ್ತು ತಿರುಗುವ ಎಂಜಿನು ಸೆಕೆಂಡಿಗೆ 10 ಸಲ ತಳ್ಳುತ್ತದೆ. ಅಡಿಪಾಯದ ತೂಗೂ ಸೆಕೆಂಡಿಗೆ ಹತ್ತರ ಆಸುಪಾಸಿನಲ್ಲಿದ್ದರೆ ನಡುಕ ಬೆಳೆಯುತ್ತಲೇ ಹೋಗುತ್ತದೆ. ಇವೆರಡೂ ದೂರವಿರುವಂತೆ ಲೆಕ್ಕ ಹಾಕುವುದು ಎಂಜಿನಿಯರನ ಕೆಲಸ. ಐ.ಎಸ್. 2974 ಎಂಬ ಭಾರತೀಯ ಮಾನಕವು ಇದಕ್ಕಾಗಿಯೇ ಇದೆ. ಇಲ್ಲಿ ಸಂಬಳ ಉಳಿಸಹೋಗುವುದು ಜಾಣತನವಲ್ಲವೆಂದು ನಮ್ಮ ಅಭಿಪ್ರಾಯ. ಈ ಅಡಿಪಾಯವನ್ನು ಗೋಡೆಗೂ ನೆಲಗಟ್ಟಿಗೂ ಸೇರಿಸದೆ ಸುತ್ತ ಸಂದು ಬಿಡಬೇಕು. ಇಲ್ಲದಿದ್ದರೆ ನಡುಕ ಗೋಡೆಗೆ ಹತ್ತಿ ಬಿರುಕು ಬಿಡಿಸುತ್ತದೆ.

ಯಂತ್ರ ಕಳುಹಿಸುವವರಿಂದ ನಕ್ಷೆಯನ್ನು ಮೊದಲೇ ತರಿಸಿ, ಬೋಲ್ಟುಗಳ ಜಾಗಕ್ಕೆ ಹಲಗೆಯ ಅಚ್ಚು ಮಾಡಿ ಗುಳಿಗಳನ್ನು ಬಿಡುತ್ತಾರೆ. ಕಾಂಕ್ರೀಟನ್ನು ಆದಷ್ಟು ಒಂದೇ ಸಲಕ್ಕೆ, ನಡುವೆ ನಿಲ್ಲಿಸದೆ ಹಾಕಬೇಕು. ಅದಕ್ಕೆ ಪೂರ್ಣ ಬಲವೆಂದು ಲೆಕ್ಕ ಹಿಡಿಯುವುದು 28 ದಿನಕ್ಕೆ. ಗೋಣಿತಟ್ಟು ಹೊದಿಸಿ ನೀರುಣಿಸುತ್ತಿರಬೇಕು. ಯಂತ್ರ ಕೂರಿಸುವಾಗ ಮೇಲ್ಮೈಯನ್ನು ಉಳಿಯಿಂದ ಒರಟು ಮಾಡಿ, ಉಕ್ಕಿನ ಬೆಣೆಗಳ ಮೇಲೆ ರಸಮಟ್ಟ ನೋಡಿ, ಅಡಿಯ ಸಂದಿಗೆ ಕುಗ್ಗದ ಗಾರೆಯನ್ನು ತುಂಬುತ್ತಾರೆ. ಆ ಗಾರೆ ಗಟ್ಟಿಯಾಗುವ ಮೊದಲೇ ಬೋಲ್ಟು ಬಿಗಿಯುವ ಅವಸರದವರು ಬಹಳ.

ಬಾಗಿಲಿನ ಅಗಲ, ಲಾರಿ ತಿರುಗುವ ಜಾಗ, ಅಗೆಯುವಲ್ಲಿ ಹಳೆಯ ಕರೆಂಟಿನ ಕೇಬಲ್ ಹೂತಿದೆಯೇ ಎಂಬುದು, ಎರಡು ಬೇರೆ ಬೇರೆ ಅರ್ತಿಂಗ್ ತಂತಿಗಳು — ಇವೆಲ್ಲವನ್ನೂ ಮೊದಲೇ ನೋಡಿಕೊಳ್ಳಬೇಕು. ಆಳವಾದ ಗುಂಡಿಯ ಅಂಚಿನಲ್ಲಿ ಮಣ್ಣು ಗುಡ್ಡೆ ಹಾಕಬಾರದು. ಕುಸಿದರೆ ಒಳಗಿರುವವನ ಮೇಲೆಯೇ.

ಆ ಗಿರಣಿಯಲ್ಲಿ ಸಂಕ್ರಾಂತಿಯ ಬಳಿಕ ಹಳೆಯ ಅಡಿಪಾಯವನ್ನು ಒಡೆದು ಅಗೆದರು. ನಾಲ್ಕೂವರೆ ಅಡಿಗೆ ಗಟ್ಟಿ ಗರಸು ಸಿಕ್ಕಿತು. ಮೊದಲ ಸಲವೇ ಇನ್ನು ಮೂರು ಅಡಿ ಇಳಿದಿದ್ದರೆ ಸಾಕಾಗಿತ್ತು. ಈಗ ಸೂರಿಗೆ ತಗಡಿನ ದೋಣಿ ಹಾಕಿ ನೀರನ್ನು ದೂರ ಬಿಟ್ಟಿದ್ದಾರೆ, ಪಟ್ಟಾಕ್ಕೆ ಜಾಲರಿಯೂ ಬಂದಿದೆ. ಆ ಹುಡುಗಿ ಮರುವರ್ಷ ಮತ್ತೆ ಒಂಬತ್ತನೆಯ ತರಗತಿಗೇ ಸೇರಿ ಓದು ಮುಂದುವರಿಸಿದಳು.

ಪಾಲಕರಲ್ಲಿ ಯಾರಾದರೂ ಹಿಟ್ಟಿನ ಗಿರಣಿಯನ್ನೋ ಗಾಣವನ್ನೋ ಹಾಕುವವರಿದ್ದರೆ ಜಾಗದ ಮಣ್ಣನ್ನು ಮಕ್ಕಳ ಕೈಯಲ್ಲಿ ಕಳುಹಿಸಿಕೊಡಿ, ಜಾಡಿಗಳು ನಮ್ಮಲ್ಲಿವೆ. ಒಂದು ಬೊಗಸೆ ಸಾಕು. ಅದನ್ನು ಎಷ್ಟು ಅಡಿ ಆಳದಿಂದ ತೆಗೆದದ್ದೆಂದು ಚೀಟಿಯಲ್ಲಿ ಬರೆದಿರಲಿ.