ಬೆಲ್ಲಕ್ಕೆ ಇಟ್ಟ ಹೆಸರು ಬದಲಾಗದಿರಲಿ

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಬೆಲ್ಲ ಅಡತಿ ಅಂಗಡಿ ಸೇರಿದ ಮೇಲೆ ಯಾರ ಗಾಣದ್ದೆಂದು ಯಾರೂ ಕೇಳುವುದಿಲ್ಲ. ಆದ್ದರಿಂದ ರೈತರು ಸ್ವಂತ ಹೆಸರಿಟ್ಟು ಮಾರಬೇಕು ಅನ್ನುತ್ತೇವೆ. ಹೆಸರಿಡುವುದು ಸುಲಭ. ಅದನ್ನು ಎಲ್ಲ ಕಡೆ ಒಂದೇ ರೀತಿ ಬರೆಯುವುದೇ ಕಷ್ಟ.

ಹೆಸರು ‘ಹೊಳೆದಂಡೆ’ ಅಂತ ಇಟ್ಟುಕೊಳ್ಳಿ. ಪೆಟ್ಟಿಗೆಯ ಮೇಲೆ ‘ಹೊಳೆದಂಡೆ’. ಬೋರ್ಡ್ ಬರೆದವನು ನಮ್ಮ ಮಾತಿನಂತೆ ‘ಹೊಳಿದಂಡಿ’ ಮಾಡಿದ. ಬಿಲ್ಲಿನಲ್ಲಿ ‘ಎಚ್.ಡಿ. ಬ್ರಾಂಡ್’. ಮರಾಠಿ ಗಿರಾಕಿಗೆ ಬರೇ ‘ಗುಳ’. ಎರಡನೇ ಸಲ ಬಂದ ಗಿರಾಕಿ ಏನಂತಾನೆ? “ಅಣ್ಣಾರ, ಬೆಲ್ಲ ಛಲೋ ಇತ್ರಿ. ಆದ್ರ ಆ ಹೆಸರಿಂದು ಇಲ್ಲ ಅಂದ್ರು, ಬ್ಯಾರೇದು ಒಯ್ದೆ.” ಮಾಲು ಚೆನ್ನಾಗಿದ್ದೂ ಗಿರಾಕಿ ಕೈಬಿಟ್ಟ.

ಊರ ಹೆಸರಿದ್ದರೆ ಸಾಲದೇ? ಗೋಕಾಕ ಕರದಂಟು ನೋಡಿ. ಅಂಟು, ಬೆಲ್ಲ, ಒಣ ಕೊಬ್ಬರಿಯ ಆ ತಿನಿಸಿನ ಪೆಟ್ಟಿಗೆಯ ಮೇಲೆ ‘ಗೋಕಾಕ’ ಎಂದು ಹಲವು ಅಂಗಡಿಯವರು ಬರೆಯುತ್ತಾರೆ. ಊರ ಹೆಸರು ಎಲ್ಲರದ್ದು. ಗಿರಾಕಿಯನ್ನು ನಮ್ಮ ಬಾಗಿಲಿಗೇ ತಿರುಗಿ ತರುವುದು ಅದರ ಜೊತೆಗಿರುವ ನಮ್ಮ ಹೆಸರು.

ಹಾಲಿನವರು ಇದನ್ನು ಸಾಧಿಸಿದ್ದಾರೆ. ಜಿಲ್ಲಾ ಒಕ್ಕೂಟಗಳು ಬೇರೆ ಬೇರೆ. ಬೆಳಗಾವಿಯಲ್ಲಿ ಕೊಂಡರೂ ಮೈಸೂರಲ್ಲಿ ಕೊಂಡರೂ ಹೆಸರು ‘ನಂದಿನಿ’ಯೇ.

ಮಾಡಬೇಕಾದದ್ದು ಇಷ್ಟು:

1. ಒಂದು ಹಾಳೆಯಲ್ಲಿ ಹೆಸರನ್ನು ಕನ್ನಡ, ಮರಾಠಿ, ಇಂಗ್ಲಿಷ್ ಮೂರೂ ಲಿಪಿಯಲ್ಲಿ ಒಮ್ಮೆ ಬರೆದು ಗುಂಪಿನವರೆಲ್ಲ ಒಪ್ಪಿರಿ. ‘ದಂಡೆ’ಯೋ ‘ದಂಡಿ’ಯೋ ಅಂದೇ ತೀರ್ಮಾನವಾಗಲಿ.

2. ಪ್ರೆಸ್ಸಿನವನಿಗೆ, ಬೋರ್ಡಿನವನಿಗೆ ಬಾಯಿಂದ ಹೇಳಬೇಡಿ. ಆ ಹಾಳೆಯ ಪ್ರತಿ ಕೊಡಿ. ಅಚ್ಚಿಗೆ ಮುಂಚೆ ಒಬ್ಬರೇ ತಾಳೆ ನೋಡಲಿ.

3. ಬಿಲ್ಲು, ಚೀಲ, ವಾಟ್ಸಾಪ್ ಸಂದೇಶ, ಫೋನಿನ ಮಾತು, ಎಲ್ಲೆಡೆ ಪೂರ್ತಿ ಹೆಸರನ್ನೇ ಬಳಸಿ. ಮೊಟಕು ಮಾಡಬೇಡಿ.

4. ಆಹಾರ ಪರವಾನಗಿಯ 14 ಅಂಕಿಯ ಸಂಖ್ಯೆ, ವಿಳಾಸ ಪರವಾನಗಿಯಲ್ಲಿದ್ದಂತೆಯೇ ಇರಲಿ. ಮೂಡಲಗಿ ಈಗ ಬೇರೆ ತಾಲೂಕು. ಹಳೇ ಅಚ್ಚಿನಲ್ಲಿ ‘ತಾ. ಗೋಕಾಕ’ ಉಳಿದಿದ್ದರೆ ಎರಡನ್ನೂ ತಿದ್ದಿಸಿಕೊಳ್ಳಿ.

5. 1999ರ ಟ್ರೇಡ್ ಮಾರ್ಕ್ ಕಾಯ್ದೆಯಡಿ ಹೆಸರು ನೋಂದಾಯಿಸಬಹುದು. ಅವಧಿ 10 ವರ್ಷ, ಮತ್ತೆ ನವೀಕರಿಸಬಹುದು. ನೋಂದಾಯಿಸಿದ್ದು ಒಂದು, ಬಳಸುವುದು ಇನ್ನೊಂದು ಆದರೆ ತಕರಾರು ಬಂದಾಗ ನಮ್ಮ ಕೈ ಸಡಿಲ.

ಬದಲಿಸಲೇಬೇಕಾದರೆ? 2014ರ ನವೆಂಬರ್ 1ರಿಂದ ಬೆಲ್ಗಾಮ್ ಅಧಿಕೃತವಾಗಿ ಬೆಳಗಾವಿ ಆಯಿತು. ಅಂಥ ಸಂದರ್ಭದಲ್ಲಿ ಎಲ್ಲ ಕಡೆ ಒಟ್ಟಿಗೇ ಬದಲಿಸಿ, ಗಿರಾಕಿಗೆ ಮೊದಲೇ ತಿಳಿಸಿ.

ಒಂದು ಮಾತು ಮರೆಯಬಾರದು. ಪೆಟ್ಟಿಗೆಯಲ್ಲಿ ಈ ಸಲ ಒಂದು ಬಣ್ಣದ ಬೆಲ್ಲ, ಮುಂದಿನ ಸಲ ಇನ್ನೊಂದು ರುಚಿಯದು ಇದ್ದರೆ, ಹೆಸರು ಸರಿಯಾಗಿ ಬರೆದೂ ಉಪಯೋಗವಿಲ್ಲ. ಈ ಹಂಗಾಮಿನ ಗಾಣ ಶುರುವಾಗುವ ಮುಂಚೆ ನಿಮ್ಮ ಬೋರ್ಡು, ಬಿಲ್ಲು, ಪೆಟ್ಟಿಗೆ ಮೂರನ್ನೂ ಎದುರಿಗಿಟ್ಟುಕೊಂಡು ಒಮ್ಮೆ ಓದಿ ನೋಡಿ.